ದೊಡ್ಡವ್ವನಿಗೆ ಬೇಕಾದದ್ದು ಅವಳದೇ ಕಣ್ಣು

ನಮ್ಮ ದೊಡ್ಡವ್ವನ ಮುಖದಲ್ಲಿ ಬೇರೆ ಯಾರದೋ ಕಣ್ಣುಗಳಿದ್ದವು.

ಗಾಬರಿಯಾಗಬೇಡಿ. ಆಪರೇಷನ್ ಏನೂ ಆಗಿಲ್ಲ. ಖಾನಾಪುರದಲ್ಲಿ ಆಕೆ ಗಟ್ಟಿಮುಟ್ಟಾಗಿದ್ದಾಳೆ. ಎಂಬತ್ತರ ಹತ್ತಿರ ಬಂದರೂ ಕನ್ನಡಕವಿಲ್ಲದೆ ಅಕ್ಕಿಯೊಳಗಿನ ಹರಳು ಆರಿಸುತ್ತಾಳೆ, ಆರಿಸುತ್ತಲೇ ಸೊಸೆಯ ಒಗ್ಗರಣೆಯಲ್ಲಿ ಸಾಸಿವೆ ಕಡಿಮೆ ಬಿತ್ತು ಅಂತ ಹೊರಗಿನಿಂದಲೇ ಹೇಳುತ್ತಾಳೆ. ನಾನು ಹೇಳಹೊರಟಿದ್ದು ಆಕೆಯ ಫೋಟೋದ ಕಥೆ.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ, ನೀಲವ್ವ. ಮಗ ಶಿವಣ್ಣ, ಸೊಸೆ (ನನಗೆ ವೈನಿ), ಮೊಮ್ಮಕ್ಕಳು, ಒಂದು ಎಮ್ಮೆ, ದಿನವಿಡೀ ಚಹಾಕ್ಕೆ ಬಂದು ಹೋಗುವ ಜನ. ಮನೆ ತುಂಬ ಗದ್ದಲ. ಆ ಗದ್ದಲದ ನಡುವೆ ಆಕೆಗೆ ಒಂದೇ ಒಂದು ಚಿಂತೆ. ತಾನು ಹೋದ ಮೇಲೆ ಗೋಡೆಗೆ ತೂಗುಹಾಕಲು ಸರಿಯಾದ ಫೋಟೋ ಇಲ್ಲವಲ್ಲ!

ಈ ಚಿಂತೆಗೆ ಕಾರಣ ನಮ್ಮ ದೊಡ್ಡಪ್ಪ. ಅವರು ತೀರಿಕೊಂಡಾಗ ಮನೆಯಲ್ಲಿ ಅವರ ಒಂದೂ ಫೋಟೋ ಇರಲಿಲ್ಲ. ಯಾರದೋ ಮದುವೆಯ ಗ್ರೂಪ್ ಫೋಟೋ ಹುಡುಕಿ, ಅದರಿಂದ ಮುಖ ಮಾತ್ರ ತೆಗೆದು ದೊಡ್ಡದು ಮಾಡಿಕೊಡಿ ಅಂತ ಪೇಟೆಯ ಒಂದು ಸ್ಟುಡಿಯೋಕ್ಕೆ (ಹೆಸರು ಬೇಡ) ಕೊಟ್ಟರು. ಸ್ಟುಡಿಯೋದವನು ಭಾಳ ಪ್ರೀತಿಯಿಂದ ಮುಖದ ಕೆಳಗೆ ನೀಲಿ ಕೋಟು, ಕೆಂಪು ಟೈ ಜೋಡಿಸಿಕೊಟ್ಟ. ಜೀವನಪೂರ್ತಿ ಧೋತರ, ಬಿಳಿ ಅಂಗಿ, ಟೊಪ್ಪಿಗೆಯಲ್ಲಿ ಕಳೆದ ರೈತ ಮನುಷ್ಯ ಈಗ ಗೋಡೆಯ ಮೇಲೆ ದೊಡ್ಡ ಆಫೀಸರ್ ಆಗಿ ಕೂತಿದ್ದಾರೆ. ಹೊಸದಾಗಿ ಮನೆಗೆ ಬಂದವರು "ಸಾಹೇಬ್ರು ಯಾವ ಡಿಪಾರ್ಟ್‌ಮೆಂಟಿನ್ಯಾಗ ಇದ್ರು?" ಅಂತ ಕೇಳುತ್ತಾರೆ.

ತನ್ನ ಗತಿ ಹೀಗಾಗಬಾರದು ಅಂತ ದೊಡ್ಡವ್ವ ತಾನೇ ನಡೆದುಕೊಂಡು ಅದೇ ಸ್ಟುಡಿಯೋಕ್ಕೆ ಹೋದಳು. ಅಲ್ಲೊಂದು ಹೊಸ ಪಂಚಾಯ್ತಿ. ಆಕೆ ಫೋಟೋದಲ್ಲಿ ಕಣ್ಣು ಮುಚ್ಚುತ್ತಾಳೆ. ಇವತ್ತಿನ ರೋಗ ಅಲ್ಲ ಅದು. ಮದುವೆ, ತೊಟ್ಟಿಲು, ಗೃಹಪ್ರವೇಶ, ಎಲ್ಲ ಫೋಟೋದಲ್ಲೂ ದೊಡ್ಡವ್ವ ಧ್ಯಾನಸ್ಥೆ. ಕ್ಯಾಮೆರಾ "ಖಚಕ್" ಅನ್ನುವುದಕ್ಕೂ ಆಕೆಯ ಕಣ್ಣು ಮುಚ್ಚುವುದಕ್ಕೂ ಒಂದೇ ಮುಹೂರ್ತ.

ಸ್ಟುಡಿಯೋದವನು ಎಂಟು ಸಲ ಖಚಕ್ ಅನ್ನಿಸಿದ. ಎಂಟು ಸಲವೂ ಧ್ಯಾನ. "ಇರಲಿ ಬಿಡ್ರಿ ಆಯಿ, ಕಂಪ್ಯೂಟರಿನ್ಯಾಗ ಮಾಡಿ ಕೊಡ್ತೇನಿ" ಅಂದ. ಮಾಡಿಯೂ ಕೊಟ್ಟ. ಫೋಟೋದಲ್ಲಿ ಕಣ್ಣು ತೆರೆದಿದ್ದವು. ದೊಡ್ಡ ದೊಡ್ಡ ಕಣ್ಣು. ರೆಪ್ಪೆಗೆ ಕಾಡಿಗೆ ಬೇರೆ!

"ಕಣ್ಣ ನನ್ನವಲ್ಲ," ಅಂದಳು ದೊಡ್ಡವ್ವ. "ಯಾರೋ ನನ್ನ ಮಾರ್ಯಾಗ ಬಂದು ಕುಂತು ಹೊರಗ ನೋಡಾಕತ್ತಾರ."

ಎಲ್ಲರೂ ನಕ್ಕರು. ಆಕೆ ನಗಲಿಲ್ಲ. "ಅವರ ಕೋಟು ಅವರದಲ್ಲ. ನನ್ನ ಕಣ್ಣ ನನ್ನವಲ್ಲ. ಗ್ವಾಡಿ ಮ್ಯಾಲ ಇಬ್ರೂ ಬ್ಯಾರೆ ಮಂದಿನ ಆಗಿ ಕುಂದ್ರೂದ? ನಾಳೆ ಮರಿಮಕ್ಕಳಿಗೆ ಯಾರನ್ನ ತೋರಸ್ತೀರಿ?"

ನೀವೇ ಹೇಳಿ, ಯಾರನ್ನು ತೋರಿಸುವುದು?

(ನಡುವೆ ಒಂದು ಮಾತು. ಮುಂದೆ ಒಮ್ಮೆ ನಂದಗಡದಲ್ಲಿ ಯಾರದೋ ಮನೆಗೆ ಊಟಕ್ಕೆ ಹೋಗಿದ್ದೆ. ಪಡಸಾಲೆಯ ಗೋಡೆಯ ಮೇಲೆ ಒಬ್ಬ ಗಂಭೀರ ಮುತ್ತಜ್ಜಿಯ ಫೋಟೋ. ತುತ್ತು ಬಾಯಿಗೆ ಹೋಗುತ್ತಿದ್ದದ್ದು ಅಲ್ಲೇ ನಿಂತಿತು. ಅದೇ ಕಣ್ಣು! ಅದೇ ಕಾಡಿಗೆ! ನಾನು ಸುಮ್ಮನೆ ಊಟ ಮುಗಿಸಿ ಬಂದೆ.)

ದೊಡ್ಡವ್ವ ಆ ಫೋಟೋ ವಾಪಸ್ ಕೊಟ್ಟಳು. ಆದರೆ ದೊಡ್ಡಪ್ಪನ ಬಾಜೂಕ ತನಗಾಗಿ ಹೊಡೆಸಿದ್ದ ಮೊಳೆಯನ್ನು ಕೀಳಿಸಲಿಲ್ಲ. ಸದ್ಯಕ್ಕೆ ಅದಕ್ಕೊಂದು ಕ್ಯಾಲೆಂಡರ್ ನೇತುಹಾಕಿದಳು. ಕ್ಯಾಲೆಂಡರ್ ನೋಡಿದಾಗಲೆಲ್ಲ ನಿಟ್ಟುಸಿರು.

ಇಂಥ ಹೊತ್ತಿನಲ್ಲಿ ಈ ಕಥೆಗೆ ನನ್ನ ಪ್ರವೇಶ. ಕೈಯಲ್ಲಿ ಹೊಸ ಕ್ಯಾಮೆರಾ.

ನಾನು ಕ್ಯಾಮೆರಾ ಕೊಂಡ ಸುದ್ದಿಯನ್ನು ಇಲ್ಲಿಯೇ ಒಮ್ಮೆ ಬರೆದು ಕೊಚ್ಚಿಕೊಂಡಿದ್ದೆ, ನಿಮಗೆ ನೆನಪಿರಬಹುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ರೇಂಜ್‌ಫೈಂಡರ್ ಮಾದರಿಯ ಮಿರರ್‌ಲೆಸ್ ಕ್ಯಾಮೆರಾ. ಹೆಸರು ದೊಡ್ಡದು, ವಸ್ತು ಸಣ್ಣದು. ನೋಡಲು ಅಜ್ಜನ ಕಾಲದ ರೋಲ್ ಕ್ಯಾಮೆರಾದ ಹಾಗೆ. ಒಳಗೆ ಪೂರಾ ಡಿಜಿಟಲ್. ವ್ಯಾನಿಟಿ ಬ್ಯಾಗಿನಲ್ಲಿ ಬುತ್ತಿ ಡಬ್ಬಿಯ ಪಕ್ಕ ಆರಾಮಾಗಿ ಕೂರುತ್ತದೆ.

ನಮ್ಮ ಮನೆಯವರಿಗೆ ಇದು ಮೊದಲ ದಿನದಿಂದಲೇ ಸೇರಲಿಲ್ಲ. "ಮೊಬೈಲಿನ್ಯಾಗ ಮೂರು ಕ್ಯಾಮೆರಾ ಅದಾವ. ಇದರಾಗ ಒಂದ. ಮೂರು ಬಿಟ್ಟು ಒಂದಕ್ಕ ಹೋದಾಕಿ ಬೆಳಗಾವ್ಯಾಗ ನೀ ಒಬ್ಬಾಕಿನ," ಅಂದರು.

ಅವರಿಗೇನು ಗೊತ್ತು ಇದರ ಗುಣ? ಅಂಗಡಿಯವ ನನಗೆ ಅರ್ಧ ತಾಸು ಉಪದೇಶ ಮಾಡಿದ್ದ. ಕಣ್ಣಿಟ್ಟು ನೋಡುವ ಕಿಂಡಿ ಇದರಲ್ಲಿ ನಟ್ಟನಡುವೆ ಇಲ್ಲ, ಎಡ ಮೂಲೆಯಲ್ಲಿದೆ. ಹಾಗಾಗಿ ಮೂಗು ಕ್ಯಾಮೆರಾದ ಬೆನ್ನಿಗೆ ಒತ್ತಿ ಚಪ್ಪಟೆಯಾಗುವುದಿಲ್ಲ. ಬಲಗಣ್ಣು ಕಿಂಡಿಯಲ್ಲಿದ್ದಾಗ ಎಡಗಣ್ಣು ಹೊರಗೇ ಇರುತ್ತದೆ. "ಮೇಡಂ, ಜಗತ್ತಿನ ಜೋಡಿ ಸಂಬಂಧ ಕಡಿಯೂದಿಲ್ರಿ," ಅಂದ. ಮೂಗಿನ ಮಾತು ಒಪ್ಪಿದೆ. ಜಗತ್ತಿನ ಮಾತಿಗೆ ಮನಸ್ಸಿನಲ್ಲೇ ನಕ್ಕೆ.

ಇನ್ನೂ ಇದೆ. ಆ ಕಿಂಡಿ ಬರೀ ಗಾಜಿನ ಕಿಂಡಿ. ಲೆನ್ಸ್ ಏನು ನೋಡುತ್ತಿದೆ ಅನ್ನುವುದನ್ನು ಅದು ತೋರಿಸುವುದಿಲ್ಲ. ಮನೆಯ ಕಿಟಕಿಯಿಂದ ನೋಡಿದ ಹಾಗೆ ಎದುರಿಗಿದ್ದದ್ದು ಸ್ವಚ್ಛವಾಗಿ ಕಾಣುತ್ತದೆ, ಅಷ್ಟೇ. ಎಷ್ಟು ಭಾಗ ಫೋಟೋದೊಳಗೆ ಬರುತ್ತದೆ ಅನ್ನುವುದಕ್ಕೆ ಒಂದು ಬಿಳಿ ಚೌಕಟ್ಟು. ಚೌಕಟ್ಟಿನ ಹೊರಗಿನದೂ ಕಾಣುವುದರಿಂದ ಯಾರು ನಡುವೆ ನುಗ್ಗಿ ಬರುತ್ತಿದ್ದಾರೆ ಅಂತ ಮೊದಲೇ ತಿಳಿಯುತ್ತದೆ. (ಕಿಂಡಿ ಬೇರೆ, ಲೆನ್ಸ್ ಬೇರೆ. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.)

ಝೂಮ್ ಇಲ್ಲ. ದೊಡ್ಡದಾಗಿ ಬೇಕಾದರೆ ನಾವೇ ಎದ್ದು ಹತ್ತಿರ ಹೋಗಬೇಕು. ಹಿಂದಿನ ಸ್ಕ್ರೀನು ಒಳಮುಖವಾಗಿ ಮಡಚಿಕೊಂಡಿರುತ್ತದೆ. ಫೋಟೋ ನೋಡಬೇಕಾದರೆ ಬಿಚ್ಚಬೇಕು. ಪ್ರತಿ ಸಲ ಹೊಡೆದು ಪ್ರತಿ ಸಲ ಇಣುಕುವ ಚಟ ಇರಬಾರದಂತೆ. ಯೂಟ್ಯೂಬಿನಲ್ಲಿ ನಾನು ಗುರುವಾಗಿ ಸ್ವೀಕರಿಸಿದ ಗಡ್ಡದ ಮನುಷ್ಯನಂತೂ "ನಿಜವಾದ ಕಲಾವಿದ ಮನೆಗೆ ಹೋಗಿ ನೋಡುತ್ತಾನೆ" ಅಂತ ಕೈ ಎತ್ತಿ ಸಾರಿದ್ದ. ಎಲ್ಲವನ್ನೂ ಮ್ಯಾನ್ಯುಯಲ್ಲಾಗಿ ಇಟ್ಟುಕೊಳ್ಳಬೇಕು, ದೂರವನ್ನು ಮೊದಲೇ ಗೊತ್ತುಮಾಡಿ ಇಟ್ಟರೆ ಫೋಕಸ್ ತಂಟೆಯೇ ಇಲ್ಲ ಅಂತಲೂ ಹೇಳಿದ್ದ. ಎಲ್ಲ ಒಪ್ಪಿದೆ.

ಆದರೆ ನನ್ನನ್ನು ಕುಣಿಸಿದ ಗುಣ ಬೇರೆ. ಈ ಕ್ಯಾಮೆರಾ ಸಪ್ಪಳ ಮಾಡುವುದಿಲ್ಲ! ಖಚಕ್ ಇಲ್ಲ. ಕ್ಲಿಕ್ ಇಲ್ಲ. ಬಟನ್ ಒತ್ತಿದ್ದು ಒತ್ತಿದವರಿಗೇ ಗೊತ್ತಾಗುವುದು ಕಷ್ಟ. ಖಚಕ್ ಇಲ್ಲ ಅಂದ ಮೇಲೆ ದೊಡ್ಡವ್ವ ಕಣ್ಣು ಯಾವಾಗ ಮುಚ್ಚುತ್ತಾಳೆ?

ಫೋನ್ ಮಾಡಿ ಹೇಳಿದೆ. "ದೊಡ್ಡವ್ವ, ಬರೂ ಐತವಾರ ಬರ್ತೇನಿ. ನಿನ್ನ ಕಣ್ಣ ನಿನಗ ಕೊಡಸ್ತೇನಿ."

ಭಾನುವಾರ ಖಾನಾಪುರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಕ್ಯಾಮೆರಾ ನೋಡಿ ಮರುಗಿದರು. "ಈಗ ರೋಲ್ ಎಲ್ಲಿ ಸಿಗತಾವ್ರಿ ಇದಕ್ಕ?" ಡಿಜಿಟಲ್ ಅಂದೆ. ಅವರು ನಂಬಲಿಲ್ಲ. "ಹೊಸಾದು ತಗೋರಿ ಬಾಯಾರ, ಆಗತೈತಿ," ಅಂತ ಧೈರ್ಯ ಹೇಳಿ ತಮ್ಮ ಸ್ಟಾಪಿನಲ್ಲಿ ಇಳಿದರು. ಇದೂ ಒಂದು ಗುಣ ಅನ್ನಿ. ಈ ಕ್ಯಾಮೆರಾ ಹಿಡಿದವರನ್ನು ಕಂಡರೆ ಯಾರಿಗೂ ಹೆದರಿಕೆ ಬರುವುದಿಲ್ಲ, ಕನಿಕರ ಬರುತ್ತದೆ.

ಮನೆಯಲ್ಲಿ ಹಬ್ಬದ ಕಳೆ. ದೊಡ್ಡವ್ವ ಇಳಕಲ್ ಸೀರೆ ಉಟ್ಟು ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ತಲೆ ತುಂಬ ಸೆರಗು. ಕೊರಳಲ್ಲಿ ಲಿಂಗದ ಕರಡಿಗೆ ಸೀರೆಯ ಮೇಲೆ ಕಾಣುವ ಹಾಗೆ. ಷರತ್ತುಗಳನ್ನು ಬೆರಳು ಮಡಚಿ ಹೇಳಿದಳು. "ಇಬತ್ತಿ ಕಾಣಬೇಕು. ಕರಡಿಗಿ ಕಾಣಬೇಕು. ತಲಿ ಮ್ಯಾಲಿನ ಸೆರಗ ಕಾಣಬೇಕು. ಕಣ್ಣ ನನ್ನವ ಇರಬೇಕು."

ನೋಡಲು ಬಾಜೂ ಮನೆಯ ಮರಾಠಿ ಕಾಕು ಬಂದರು. ವೈನಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ನಿಂತರು. ಶಿವಣ್ಣ ದೊಡ್ಡವ್ವನ ಹಿಂದೆ ಪರದೆಯ ಹಾಗೆ ಬಿಳಿ ಪಂಚೆ ಹಿಡಿದು ನಿಂತ. ನಾನು ಕಿಂಡಿಗೆ ಕಣ್ಣಿಟ್ಟೆ. ಆಹಾ! ಎಷ್ಟು ಸ್ವಚ್ಛ! ದೊಡ್ಡವ್ವನ ಮುಖದ ಒಂದೊಂದು ಗೆರೆಯೂ ಎಣಿಸಬಹುದು. ಕಿಂಡಿಯ ಮೂಲೆಯಲ್ಲಿ ಕೆಂಪಗೆ ಏನೋ ಮಿಣುಕ್ ಮಿಣುಕ್ ಅನ್ನುತ್ತಿತ್ತು. ನನ್ನ ಕೈಚಳಕಕ್ಕೆ ಕ್ಯಾಮೆರಾ ಖುಷಿಪಟ್ಟಿದೆ ಅಂದುಕೊಂಡೆ.

"ಹೊಡದೀ?"

"ಹೊಡದೆ ದೊಡ್ಡವ್ವ."

"ಸಪ್ಪಳನ ಬರಲಿಲ್ಲ?"

"ಇದು ಸಪ್ಪಳ ಮಾಡೂದಿಲ್ಲ."

"ಹಂಗಾರ ಭಾಳ ಚಲೋ ಆತು. ಸಪ್ಪಳ ಆತಂದ್ರ ಕಣ್ಣ ತಾವ ಮುಚ್ಚತಾವ. ನಾ ಏನ ಬೇಕಂತ ಮುಚ್ಚತೇನೇನು?"

ಖರೇ ಹೇಳುತ್ತೇನೆ, ಅವತ್ತು ಆಕೆ ಕಣ್ಣು ಮುಚ್ಚಲೇ ಇಲ್ಲ. ನಲವತ್ತೆರಡು ಸಲ ಒತ್ತಿದೆ. ನಲವತ್ತೆರಡು ಸಲವೂ ಕಣ್ಣು ತೆರೆದೇ ಇದ್ದವು, ನಾನೇ ಕಿಂಡಿಯಲ್ಲಿ ನೋಡಿದ್ದೇನೆ. ಒಮ್ಮೆ ಎಮ್ಮೆ ಹಿತ್ತಲಿನಿಂದ ಒಳಗೆ ಮುಖ ತೂರಿಸಿತು. ಚೌಕಟ್ಟಿನ ಹೊರಗೆ ಅದರ ಕೋಡು ಕಂಡ ಕೂಡಲೇ ಕೈ ತಡೆದೆ. ಅಂಗಡಿಯವನ ಮಾತು ಎಷ್ಟು ಸತ್ಯ ಅನಿಸಿತು. "ಫೋಟೊ ಝಾಲಾ ಕಾ?" ಅಂತ ಕಾಕು ಕೇಳಿದರು. ಆಯಿತು ಅಂದೆ. ಕಲಾವಿದೆಯಾದ್ದರಿಂದ ಸ್ಕ್ರೀನು ಬಿಚ್ಚಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿದ್ದಾಗಲೇ ಶಿವಣ್ಣನ ಫೋನಿನಿಂದ ದೊಡ್ಡವ್ವ. "ಹೆಂಗ ಬಂದಾವ?"

ಈಗ ನನ್ನ ತಪ್ಪು ನೋಡಿ. ನಾನು ನೋಡಿರಲಿಲ್ಲ. ಆದರೂ ಹೇಳಿದೆ. "ಭಾಳ ಚಂದ ಬಂದಾವ."

"ಕಣ್ಣ?"

"ಕಣ್ಣಂತೂ ಕೇಳಬ್ಯಾಡ."

"ನನ್ನವ ಅದಾವಲ್ಲ?"

"ನಿನ್ನವ."

ಹಿಂಡಲಗಾದ ನಮ್ಮ ಮನೆಗೆ (ಹಿಂಡಲಗಾ ಅಂದ ಕೂಡಲೇ ನಗಬೇಡಿ, ನಾವು ಜೈಲಿನ ಹೊರಗಿರುವವರು) ಬಂದು ಕಂಪ್ಯೂಟರಿಗೆ ಹಾಕಿದೆ. ಒಂದನೇ ಫೋಟೋ ಕಪ್ಪು. ಎರಡನೆಯದು ಕಪ್ಪು. ಹತ್ತನೆಯದು ಕಪ್ಪು. ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡೆ. ಹಿಂದೆ ಬಂದು ನಿಂತ ನಮ್ಮ ಮನೆಯವರು ಕನ್ನಡಕ ಏರಿಸಿಕೊಂಡು ನೋಡಿದರು. "ಯಾವಾಗ ಹೊಡದಿ? ಅಮಾಸಿಗೇನು?"

ನಾನು ಮುಂದಿನ ಫೋಟೋ ತೆರೆದೆ. ಅವರು ಮತ್ತೆ ಬಗ್ಗಿ ನೋಡಿದರು. "ಇದು ಮೊದಲಿಂದಕ್ಕಿಂತ ಚಲೋ ಬಂದೈತಿ ನೋಡು. ಇನ್ನಷ್ಟು ಕಪ್ಪ ಐತಿ." ಆಮೇಲೆ ಮೇಜಿನ ಮೇಲಿದ್ದ ಕ್ಯಾಮೆರಾ ಎತ್ತಿ, ತಿರುಗಿಸಿ, ಬಹಳ ಮೆತ್ತಗೆ ಕೇಳಿದರು. "ಈ ಮುಚ್ಚಳ ತೆಗದಿದ್ದಿ ಏನ?"

ಲೆನ್ಸಿನ ಮುಚ್ಚಳ! ಕರಿ ಲೆನ್ಸಿಗೆ ಕರಿ ಮುಚ್ಚಳ! ಬೇರೆ ಕ್ಯಾಮೆರಾ ಆಗಿದ್ದರೆ ಮುಚ್ಚಳ ಹಾಕಿದ್ದರೆ ಕಿಂಡಿಯಲ್ಲೂ ಕತ್ತಲೆ ಕಾಣುತ್ತಿತ್ತು. ಇದರಲ್ಲಿ ಕಿಂಡಿ ಬೇರೆ, ಲೆನ್ಸ್ ಬೇರೆ. ಲೆನ್ಸಿನ ಬಾಯಿ ಮುಚ್ಚಿದ್ದರೂ ನನ್ನ ಕಿಟಕಿಯಲ್ಲಿ ಜಗತ್ತು ಬೆಳಗುತ್ತಿತ್ತು. ಮೂಲೆಯಲ್ಲಿ ಮಿಣುಕಿದ ಕೆಂಪು ಖುಷಿಯಿಂದ ಮಿಣುಕಿದ್ದಲ್ಲ, ಪಾಪ, ಬಾಯಿ ಬಡಿದುಕೊಂಡಿದ್ದು.

ಇಲ್ಲಿ ಒಂದು ವಿಷಯ ಹೇಳದೆ ಮುಚ್ಚಿಡಬಹುದಿತ್ತು. ಆದರೆ ನಿಮ್ಮ ಹತ್ತಿರ ಎಂಥ ಮುಚ್ಚುಮರೆ? ನಾನು ಬೆಳಗಾವಿಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಇಪ್ಪತ್ತಾರು ವರ್ಷದಿಂದ. ಬೆಳಕಿನ ಪಾಠ ನನ್ನ ಸ್ಪೆಷಲ್.

ಮಂಗಳವಾರ ಮತ್ತೆ ಫೋನ್ ಬಂತು. ದೊಡ್ಡವ್ವ ಸಾಗವಾನಿಯ ಚೌಕಟ್ಟು ಆರ್ಡರ್ ಮಾಡಿದ್ದಳು. ಗಾಜು ಸಹಿತ. ಅರ್ಧ ಖಾನಾಪುರಕ್ಕೆ ಸುದ್ದಿಯೂ ಮುಟ್ಟಿತ್ತು. "ನಮ್ಮ ಸುಮಿ ನನ್ನ ಕಣ್ಣ ತಂದುಕೊಟ್ಲು ಅಂತ ಎಲ್ಲಾರ ಮುಂದ ಹೇಳೇನಿ," ಅಂದಳು. ಆಕೆಯ ದನಿಯಲ್ಲಿ ಅಷ್ಟು ಖುಷಿಯನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. ನಿಜ ಹೇಳಲು ಬಾಯಿ ತೆರೆದೆ, ತಿನ್ನಲಿಕ್ಕೆ ಕುಂದಾ ತರಲೇನು ಅಂತ ಕೇಳಿ ಬಾಯಿ ಮುಚ್ಚಿದೆ.

ಮುಂದಿನ ಭಾನುವಾರ ಎರಡು ಡಬ್ಬಿ ಕುಂದಾ, ಒಂದು ಕ್ಯಾಮೆರಾ, ಒಂದು ಸುಳ್ಳು ಹೊತ್ತುಕೊಂಡು ಹೋದೆ. ಮುಚ್ಚಳವನ್ನು ಹಿಂಡಲಗಾದಲ್ಲೇ ಬಿಟ್ಟು ಹೋಗಿದ್ದೆ.

"ಎಲ್ಲಾ ಚಂದ ಬಂದಾವ ದೊಡ್ಡವ್ವ. ಎಕ್ಸ್ಟ್ರಾ ಒಂದೆರಡು ಇರಲಿ ಅಂತ ಅಷ್ಟ."

"ಇರೂದು ಒಂದ ಮೊಳಿ. ಎಕ್ಸ್ಟ್ರಾ ಫೋಟೋ ಎಲ್ಲಿ ಹಾಕ್ತಿ?" ಅಂದಳು. ಆದರೂ ಇಳಕಲ್ ಸೀರೆ ಉಟ್ಟು ಬಂದು ಕೂತಳು.

ಈ ಸಲ ಒಂದೊಂದಕ್ಕೂ ಸ್ಕ್ರೀನು ಬಿಚ್ಚಿ ನೋಡಿದೆ. ಗಡ್ಡದ ಗುರು ಹಾಳಾಗಿ ಹೋಗಲಿ! ಮುಖ ದೊಡ್ಡದಾಗಿ ಬರಲಿ ಅಂತ ಭಾಳ ಹತ್ತಿರ ಹೋದೆ. ಫೋಟೋದಲ್ಲಿ ಹಣೆಯೇ ಇಲ್ಲ. ವಿಭೂತಿ ಹೋಯಿತು, ಸೆರಗು ಹೋಯಿತು. ಕಿಂಡಿಯಲ್ಲಿ ಸರಿಯಾಗಿಯೇ ಕಾಣುತ್ತಿತ್ತಲ್ಲ? ಕಾಣುತ್ತದೆ. ಕಿಂಡಿ ಇರುವುದು ಲೆನ್ಸಿನ ಮೇಲೆ, ಒಂದು ಬದಿಗೆ. ದೂರದಿಂದ ನೋಡಿದರೆ ಎರಡೂ ಒಂದೇ ಕಡೆ ನೋಡಿದ ಹಾಗೆ. ಹತ್ತಿರ ಹೋದರೆ ಅದು ನೋಡುವುದೇ ಬೇರೆ, ಇದು ನೋಡುವುದೇ ಬೇರೆ. ಇದಕ್ಕೆ ಪ್ಯಾರಲ್ಯಾಕ್ಸ್ ಅನ್ನುತ್ತಾರೆ. ಯಾರು ಅನ್ನುತ್ತಾರೆ? ನಾನೇ ಅನ್ನುತ್ತೇನೆ, ಪ್ರತಿವರ್ಷ, ಕ್ಲಾಸಿನಲ್ಲಿ, ಬೋರ್ಡಿನ ಮೇಲೆ ಚಿತ್ರ ಬರೆದು.

ಎರಡು ಹೆಜ್ಜೆ ಹಿಂದೆ ಸರಿದೆ. ಈಗ ಹಣೆ ಬಂತು. ವಿಭೂತಿ ಬಂತು. ಆದರೆ ಕಣ್ಣು? ಸೀಳುಗಣ್ಣು. ದೊಡ್ಡವ್ವ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದಳು, ತೂಕದಲ್ಲಿ ಮೋಸ ಮಾಡುವ ಕಾಯಿಪಲ್ಲೆಯವಳನ್ನು ನೋಡುವ ಹಾಗೆ. ಇನ್ನೊಂದು ಒತ್ತಿದೆ, ಅದೇ. ಮತ್ತೊಂದು, ಅದೇ.

"ಕಣ್ಣ ಸ್ವಲ್ಪ ತಗಿ ದೊಡ್ಡವ್ವ."

"ಸುಮೀ," ಅಂದಳು. "ಆ ಸ್ಟುಡಿಯೋದಾಂವ ತನ್ನ ಮಾರಿ ಪೂರಾ ಕ್ಯಾಮೆರಾ ಹಿಂದ ಮುಚಗೊಂಡು ನಿಂತಿದ್ದ. ಮಾರಿ ಮುಚಗೊಂಡಾವರ ಮುಂದ ಕಣ್ಣ ತಕ್ಕೊಂಡು ಕುಂದ್ರು ಅಂದ್ರ ಹೆಂಗ ಕುಂದ್ರೂದು? ನಿಂದು ಹಂಗಲ್ಲ. ಒಂದ ಕಣ್ಣ ಹೊರಗ ಕಾಣತೈತಿ."

"ಹೌದು. ಅದ ಈ ಕ್ಯಾಮೆರಾದ್ದು ದೊಡ್ಡ ಗುಣ," ಅಂದೆ, ಕಿಂಡಿಯಿಂದ ಕಣ್ಣು ತೆಗೆಯದೆ.

"ಆ ಕಣ್ಣ ಸುಳ್ಳ ಹೇಳಾಕತ್ತೈತಿ."

ನನ್ನ ಬೆರಳು ಬಟನ್ ಮೇಲೆಯೇ ಇತ್ತು. ಬಾಗಿಲಲ್ಲಿ ವೈನಿ ನಿಂತಿದ್ದರು. ಶಿವಣ್ಣ ಪಂಚೆ ಹಿಡಿದು ನಿಂತಿದ್ದ. ಎಡಗಣ್ಣನ್ನು ಎಲ್ಲಿ ಬಚ್ಚಿಡಲಿ? ಕ್ಯಾಮೆರಾ ಕೊಂಡವಳು ನಾನೇ. ಜಗತ್ತಿನ ಜೊತೆ ಸಂಬಂಧ ಕಡಿಯುವುದಿಲ್ಲ ಅಂತ ಅಂಗಡಿಯವ ಹೇಳಿರಲಿಲ್ಲವೇ?

"ದೊಡ್ಡವ್ವ, ಹೋದ ವಾರದ್ದು ಒಂದೂ ಬಂದಿಲ್ಲ. ಎಲ್ಲಾ ಕಪ್ಪ. ನಾ ಲೆನ್ಸಿನ ಮುಚ್ಚಳನ ತೆಗದಿರಲಿಲ್ಲ."

ದೊಡ್ಡವ್ವನ ಕಣ್ಣು ತೆರೆದವು. ಹೇಗೆ ತೆರೆದವು ಅಂತೀರಿ! ಹುಬ್ಬು ಮೇಲೇರಿ ವಿಭೂತಿಯ ಗೆರೆಗಳು ಒತ್ತಟ್ಟಿಗೆ ಸೇರಿದವು. ಸೆರಗು ಹಿಂದೆ ಜಾರಿತು. ಬಾಯಿ ಅರ್ಧ ತೆರೆಯಿತು. ನಾನು ಒತ್ತಿದೆ. ಸಪ್ಪಳ ಆಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ.

ಮರುಕ್ಷಣ ಆಕೆ ನಗಲು ಸುರುಮಾಡಿದಳು. ಕುರ್ಚಿ ಅಲುಗುವ ಹಾಗೆ ನಕ್ಕಳು. "ಯವ್ವಾ ನನ್ನವ್ವಾ! ನಾ ಕಣ್ಣ ಮುಚ್ಚತೇನಿ ಅಂತ ಇಷ್ಟ ವರ್ಷ ಎಲ್ಲಾರೂ ಕೂಡಿ ಬೈದ್ರಿ. ಹೋದ ವಾರ ಒಂದ ತಾಸು ಕಣ್ಣ ಉರಿಯೂ ಹಂಗ ತಕ್ಕೊಂಡು ಕುಂತೆ. ನಿನ್ನ ಕ್ಯಾಮೆರಾನ ಕಣ್ಣ ಮುಚಗೊಂಡಿತ್ತ?"

ನನಗೆ ನಗುವೂ ಬಂತು, ನಾಚಿಕೆಯೂ ಬಂತು. ಆಗ ಬಾಗಿಲಿನಿಂದ ವೈನಿ ಮೆಲ್ಲಗೆ ಬಾಯಿ ಬಿಟ್ಟರು. "ಅದು ಮುಚ್ಚಳನ ಇತ್ತೇನ್ರಿ ಹಂಗಾರ? ನಾ ನೋಡಿದ್ದೆ."

"ನೋಡಿದ್ರಿ?"

"ಹೂಂ. ಮೊದಲನೇ ಫೋಟೋಕ್ಕ ನೋಡಿದ್ದೆ. ಮುಂದ ಕರೀದು ಏನೋ ಮುಚಗೊಂಡೈತಲ್ಲ ಅನಸ್ತು."

"ಮತ್ತ ಯಾಕ ಹೇಳಲಿಲ್ರಿ ವೈನಿ?"

"ಹೊಸಾ ಮಾಡೆಲ್ ಇದ್ದೀತು, ಮುಚಗೊಂಡ ಹೊಡಿಯೂದು ಇದ್ದೀತು ಅಂತ ಸುಮ್ನಾದೆ. ನೀವು ಫಿಸಿಕ್ಸ್ ಮೇಡಂ. ನಾ ರೊಟ್ಟಿ ಬಡಿಯೂದು ಬಿಟ್ಟು ಬಂದು ನಿಮಗ ಹೆಂಗ ಹೇಳೂದ್ರಿ?"

ಶಿವಣ್ಣ ಪಂಚೆ ಮಡಚುತ್ತ ಕೆಮ್ಮಿದ. "ನನಗೂ ಒಂದೀಟು ಅನಸಿತ್ತು." ಆಮೇಲೆ ತಿಳಿದದ್ದು, ಕಾಕುಗೂ ಅನಿಸಿತ್ತಂತೆ. ನನ್ನ ಕಣ್ಣನ್ನೇ ನೋಡುತ್ತ ಕೂತಿದ್ದ ದೊಡ್ಡವ್ವನನ್ನು ಬಿಟ್ಟರೆ, ಒಟ್ಟು ಪಡಸಾಲೆಯಲ್ಲಿ ಮುಚ್ಚಳ ಕಾಣದೇ ಇದ್ದವಳು ನಾನೊಬ್ಬಳೇ.

ಸ್ಕ್ರೀನು ಬಿಚ್ಚಿ ಕೊನೆಯ ಫೋಟೋ ತೋರಿಸಿದೆ. ಶಿವಣ್ಣ ನೋಡಿ ತಲೆ ಅಲ್ಲಾಡಿಸಿದ. "ಇದು ಬ್ಯಾಡ. ಗ್ವಾಡಿಗೆ ಹಾಕೂ ಫೋಟೋ ಹಿಂಗ ಇರ್ತಾವೇನು? ಗಂಭೀರ ಇರಬೇಕು. ಸೆರಗ ಬ್ಯಾರೆ ಜಾರೇತಿ. ಕರಡಿಗಿನೂ ಕೈ ಅಡ್ಡ ಬಂದು ಕಾಣವಲ್ದು." ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ನಾಲ್ಕು ಷರತ್ತಿನಲ್ಲಿ ಎರಡು ಬಿದ್ದುಹೋಗಿದ್ದವು.

ದೊಡ್ಡವ್ವ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡಳು. ದೂರ ಹಿಡಿದು ನೋಡಿದಳು. ಹತ್ತಿರ ಹಿಡಿದು ನೋಡಿದಳು. ಸಣ್ಣ ಸ್ಕ್ರೀನಿನ ಮೇಲೆ ಬೆರಳಿಟ್ಟು ಕಣ್ಣಿನ ಸುತ್ತ ಸವರಿದಳು.

"ಇವು ನನ್ನವ," ಅಂದಳು.

ನನಗೆ ಅಳು ಬಂತು. ಯಾಕೆ ಮುಚ್ಚಿಡಲಿ, ಚೆನ್ನಾಗಿಯೇ ಬಂತು. ವೈನಿ ಹಿಟ್ಟಿನ ಕೈಯಿಂದಲೇ ನನ್ನ ಬೆನ್ನು ತಟ್ಟಿದರು. ಆ ಹಿಟ್ಟು ಜಂಪರಿನ ಮೇಲೆ ಹಿಂಡಲಗಾ ತನಕ ಬಂತು.

ಪ್ರಿಂಟು ಹಾಕಿಸಿ, ಸಾಗವಾನಿ ಚೌಕಟ್ಟಿನಲ್ಲಿ ಕೂರಿಸಿ ಮೊನ್ನೆ ಭಾನುವಾರ ಕೊಟ್ಟು ಬಂದೆ. ದೊಡ್ಡವ್ವ ಸುಮ್ಮನಿರುವವಳೇ? ಕ್ಯಾಲೆಂಡರ್ ತೆಗೆದಳು. "ಇದ್ದಾವರ ಫೋಟೋ ಹಂಗ ಹಾಕಬಾರದ್ರಿ ಅತ್ತಿ!" ಅಂತ ವೈನಿ ಚೀರಿದರು. "ಅಳತಿ ನೋಡಾಕ ಅಷ್ಟ, ಸುಮ್ನಿರು," ಅಂತ ಮೊಳೆಗೆ ಹಿಡಿದು, ಒಂದು ಹೆಜ್ಜೆ ಹಿಂದೆ ಬಾಗಿ ನೋಡಿದಳು.

ಆಗ ಒಂದು ವಿಚಿತ್ರ ಕಾಣಿಸಿತು. ಫೋಟೋದಲ್ಲಿ ದೊಡ್ಡವ್ವ ಲೆನ್ಸಿನ ಕಡೆ ನೋಡಿಲ್ಲ. ಆಕೆ ನೋಡಿದ್ದು ಲೆನ್ಸಿನ ಬಾಜೂಕ ಹೊರಗಿದ್ದ ನನ್ನ ಎಡಗಣ್ಣನ್ನು. ಹಾಗಾಗಿ ದೃಷ್ಟಿ ಸ್ವಲ್ಪ ಪಕ್ಕಕ್ಕೆ ಹೋಗಿದೆ. ಮೊಳೆಗೆ ಹಿಡಿದರೆ ನೇರ ದೊಡ್ಡಪ್ಪನ ಕಡೆಗೆ. ನೀಲಿ ಕೋಟಿನ ಕಡೆಗೆ. ಕೆಂಪು ಟೈ ಕಡೆಗೆ. ಕಣ್ಣರಳಿಸಿ, ಬಾಯಿ ತೆರೆದು.

"ಬಿಡು, ಬರೋಬರ್ ಆತು," ಅಂದಳು ದೊಡ್ಡವ್ವ. "ಅವರಿಗೆ ಈ ಕೋಟು ಯಾವಾಗ ಬಂತು ಅಂತ ನೋಡಾಕತ್ತೇನಿ ಅಂತ ತಿಳಕೋತಾರ ಮಂದಿ."

ಫೋಟೋ ಈಗ ಟ್ರಂಕಿನಲ್ಲಿ ಹಳೇ ಸೀರೆಯೊಳಗೆ ಭದ್ರವಾಗಿದೆ. ಚಹಾಕ್ಕೆ ಬಂದವರಿಗೆಲ್ಲ ತೆಗೆದು ತೋರಿಸುವುದು, ಮುಚ್ಚಳದ ಕಥೆ ಹೇಳುವುದು, ಮತ್ತೆ ಸುತ್ತಿಡುವುದು ನಡೆದಿದೆ. ಖಾನಾಪುರದಲ್ಲಿ ನಾನು ಇನ್ನು ತಲೆ ಎತ್ತಿ ತಿರುಗುವ ಹಾಗಿಲ್ಲ. ಮೊಳೆಗೆ ಕ್ಯಾಲೆಂಡರ್ ವಾಪಸ್ ಬಂದಿದೆ, ಅದು ಇನ್ನೂ ಭಾಳ ವರ್ಷ ಅಲ್ಲೇ ಇರಲಿ.

ಕ್ಯಾಮೆರಾ ಹೇಗೆ, ಕೊಳ್ಳಬಹುದೇ ಅಂತ ನೀವು ಕೇಳುತ್ತೀರಿ, ಗೊತ್ತು. ಕೊಳ್ಳಿ. ಸಣ್ಣದು, ಹಗುರ, ಸದ್ದಿಲ್ಲದ್ದು, ಎದುರಿಗಿದ್ದವರಿಗೆ ನಿಮ್ಮ ಒಂದು ಕಣ್ಣನ್ನಾದರೂ ತೋರಿಸುವಂಥದ್ದು. ಆದರೆ ನಿಮಗೆ ಎಲ್ಲ ಸ್ವಚ್ಛವಾಗಿ ಕಾಣುತ್ತಿದೆ ಅಂದ ಮಾತ್ರಕ್ಕೆ ಒಳಗೆ ಏನಾದರೂ ಬಿದ್ದಿದೆ ಅಂತ ನಂಬಬೇಡಿ. ನಡುನಡುವೆ ಬಾಗಿಲಲ್ಲಿ ನಿಂತವರನ್ನು ಒಂದು ಮಾತು ಕೇಳಿ.

ಸೋಮವಾರ ಕಾಲೇಜಿಗೆ ಹೋದೆ. ಬೆಳಕಿನ ಪಾಠ. ಬೋರ್ಡಿನ ತುಂಬ ಲೆನ್ಸು, ಕಿರಣ, ಬಾಣದ ಗುರುತು. ಮುಕ್ಕಾಲು ತಾಸು ನಿರರ್ಗಳವಾಗಿ ಮಾತಾಡಿ, ಕೈಯ ಚಾಕ್ ಪುಡಿ ಕೊಡವಿ, ಇಪ್ಪತ್ತಾರು ವರ್ಷದಿಂದ ಕೇಳಿದ ಹಾಗೆಯೇ ಕೇಳಿದೆ. "ಎಲ್ಲಾರಿಗೂ ತಿಳೀತೇನ್ರಪಾ?"

"ತಿಳೀತ್ರೀ ಮೇಡಂ!" ಅಂದರು ಎಂಬತ್ತು ಮಂದಿ, ಒಂದೇ ದನಿಯಲ್ಲಿ.

ಆ ಎಂಬತ್ತರಲ್ಲಿ ನಮ್ಮ ವೈನಿಯಂಥವರು ಎಷ್ಟು ಮಂದಿ?